ಬರದಿದ್ದರೆ ಗೊತ್ತಾಗುವ ಜಾಗ

ಎಲ್ಲರಿಗೂ ನಮಸ್ಕಾರ.

ಎರಡು ವೃಂದಗಾನ ತಂಡಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೊದಲನೆಯದಕ್ಕೆ ಯಾರು ಬೇಕಾದರೂ ಬರಬಹುದು. ಶುಲ್ಕವಿಲ್ಲ, ಪರೀಕ್ಷೆಯಿಲ್ಲ, ತಡವಾಗಿ ಬಂದರೆ ಯಾರೂ ಮುಖ ಗಂಟಿಕ್ಕುವುದಿಲ್ಲ. ಎರಡನೆಯದಕ್ಕೆ ಸೇರಬೇಕಾದರೆ ಮೊದಲು ಹಾಡಿ ತೋರಿಸಬೇಕು. ವಾರಕ್ಕೆ ಮೂರು ದಿನ ಅಭ್ಯಾಸ. ಹತ್ತು ನಿಮಿಷ ತಡವಾದರೆ ಆ ದಿನ ಹೊರಗೆ ಕೂರಬೇಕು. ಮೂರು ಸಲ ತಪ್ಪಿಸಿಕೊಂಡರೆ ಮುಂದಿನ ಕಾರ್ಯಕ್ರಮದಲ್ಲಿ ಜಾಗವಿಲ್ಲ.

ಇಂಥ ಕೂಟಗಳನ್ನು ನಡೆಸಿ ಕೈ ಸುಟ್ಟುಕೊಂಡವರಿಗೆ ಮೊದಲ ತಂಡದ ಗತಿ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ವಾರ ನಲವತ್ತು ಜನ. ಆರನೆಯ ವಾರ ಹದಿನೈದು. ಮೂರು ತಿಂಗಳಾಗುವ ಹೊತ್ತಿಗೆ ಬೀಗದ ಕೈ ಇಟ್ಟುಕೊಂಡವರು ಮತ್ತು ಅವರ ಮುಖ ನೋಡಿ ಬರುವ ಇಬ್ಬರು. ಎರಡನೆಯ ತಂಡ ಹತ್ತು ವರ್ಷ ನಡೆಯುತ್ತದೆ. ಅದರ ಸದಸ್ಯರು ಸದಾ ಗೊಣಗುತ್ತಾರೆ, ಆದರೆ ಬಿಡುವುದಿಲ್ಲ.

ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ಇಷ್ಟು ಕಾಟ ಕೊಡುವ ಕಡೆಗೆ ಜನ ಯಾಕೆ ಹೋಗುತ್ತಾರೆ? ಸೈನ್ಯ, ಸನ್ಯಾಸ, ಉಪವಾಸ ಜಾಗರಣೆಗಳ ಪಂಥ, ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸುವ ಕುಸ್ತಿ ಗರಡಿ. ಈ ಪ್ರಶ್ನೆಯೊಳಗೆ ಒಂದು ಊಹೆ ಅಡಗಿದೆ. ಜನರಿಗೆ ಬೇಕಾಗಿರುವುದು ಒಡನಾಟ, ಕಷ್ಟವೇನಿದ್ದರೂ ಅದಕ್ಕೆ ತೆರುವ ದಂಡ ಎನ್ನುವ ಊಹೆ. ಅದು ಅರ್ಧ ಸರಿ. ಇನ್ನರ್ಧ ಏನೆಂದರೆ, ಆ ಕಷ್ಟವೇ ಒಡನಾಟವನ್ನು ಉತ್ಪಾದಿಸುತ್ತದೆ. ಅದು ಹೇಗೆ, ಎಲ್ಲಿ ಕೆಡುತ್ತದೆ ಎನ್ನುವುದಷ್ಟೇ ಈ ಹೊತ್ತಿನ ಮಾತು.

ಮೊದಲು ಹಸಿವಿನ ವಿಚಾರ. 1995ರಲ್ಲಿ ರಾಯ್ ಬೌಮೈಸ್ಟರ್ ಮತ್ತು ಮಾರ್ಕ್ ಲಿಯರಿ ಎಂಬ ಮನೋವಿಜ್ಞಾನಿಗಳು ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ಒಂದು ವಾದ ಮಂಡಿಸಿದರು. ಯಾರಿಗಾದರೂ ಸೇರಿದವನಾಗಿರಬೇಕು ಎನ್ನುವುದು ಮನುಷ್ಯನ ಮೂಲ ಅಗತ್ಯ, ಶೋಕಿಯಲ್ಲ. ಅದು ತೀರಬೇಕಾದರೆ ಎರಡು ಸಂಗತಿ ಒಟ್ಟಿಗೆ ಇರಬೇಕು: ಅದೇ ಜನರ ಜತೆ ಪದೇಪದೇ ಹಿತವಾದ ಭೇಟಿ, ಮತ್ತು ಈ ಸಂಬಂಧ ನಾಳೆಯೂ ಇರುತ್ತದೆ ಎನ್ನುವ ಭರವಸೆ. ಒಂದೇ ಇದ್ದರೆ ಸಾಲದು. ದಿನಕ್ಕೆ ನೂರು ಮುಖ ನೋಡುವ ಕೌಂಟರಿನ ಗುಮಾಸ್ತರಿಗೆ ಭೇಟಿಗಳಿಗೇನೂ ಕೊರತೆಯಿಲ್ಲ, ನಾಳೆ ಯಾರೂ ಅವರವರಲ್ಲ. ದೂರದಲ್ಲಿರುವ ಅಣ್ಣತಮ್ಮಂದಿರ ಸಂಬಂಧ ಗಟ್ಟಿ, ಭೇಟಿ ಮಾತ್ರ ವರ್ಷಕ್ಕೊಮ್ಮೆ. ಇಬ್ಬರಿಗೂ ಹಸಿವು ಉಳಿದೇ ಇರುತ್ತದೆ.

ಆ ಹಸಿವು ಎಷ್ಟು ಬೇಗ ಎದ್ದು ನಿಲ್ಲುತ್ತದೆಂದು ತೋರಿಸುವ ಪ್ರಯೋಗವೊಂದಿದೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಸಂಶೋಧಕರು ಒಮ್ಮೆ ನಾಯಿಯೊಂದಿಗೆ ಪಾರ್ಕಿನಲ್ಲಿ ಕೂತಿದ್ದರಂತೆ. ಯಾರೋ ಇಬ್ಬರು ಎಸೆದಾಡುತ್ತಿದ್ದ ಫ್ರಿಸ್ಬಿ ಎಂಬ ಆಟದ ತಟ್ಟೆ ಇವರ ಹತ್ತಿರ ಉರುಳಿಬಂತು. ಇವರು ಎದ್ದು ಎಸೆದರು, ಅವರೂ ಇವರಿಗೆ ಎಸೆದರು. ಎರಡು ನಿಮಿಷ ಮೂವರ ಆಟ ನಡೆಯಿತು. ಆಮೇಲೆ ಅವರಿಬ್ಬರು ಇವರತ್ತ ಎಸೆಯುವುದನ್ನು ನಿಲ್ಲಿಸಿಬಿಟ್ಟರು. ಗುರುತು ಪರಿಚಯವಿಲ್ಲದ ಇಬ್ಬರು, ಕೆಲಸಕ್ಕೆ ಬಾರದ ಆಟ, ಆದರೂ ಚುಚ್ಚಿತು. ಅದನ್ನೇ ಅವರು ಪ್ರಯೋಗಾಲಯಕ್ಕೆ ತಂದರು, ಆಮೇಲೆ ಕಂಪ್ಯೂಟರಿಗೆ ಇಳಿಸಿದರು. ತೆರೆಯ ಮೇಲೆ ಮೂರು ಗೊಂಬೆ, ಒಂದು ಚೆಂಡು. ಶುರುವಿನಲ್ಲಿ ಒಂದೆರಡು ಸಲ ನಿಮ್ಮ ಕಡೆ ಬಂದ ಚೆಂಡು ಮತ್ತೆ ಬರುವುದೇ ಇಲ್ಲ. ಕೆಲವೇ ನಿಮಿಷ ಸಾಕು: ‘ನಾನು ಯಾರಿಗೂ ಬೇಕಾಗಿಲ್ಲ’ ಎನ್ನುವ ಭಾವದ ಜತೆಗೆ ಸ್ವಗೌರವ, ಹಿಡಿತ, ಬದುಕಿಗೊಂದು ಅರ್ಥವಿದೆ ಎನ್ನುವ ಅನಿಸಿಕೆ ಕೂಡ ಕುಸಿಯುತ್ತವೆ. 2004ರ ಇನ್ನೊಂದು ಪ್ರಯೋಗದಲ್ಲಿ ಎದುರಾಳಿಗಳು ಮನುಷ್ಯರಲ್ಲ, ಕಂಪ್ಯೂಟರ್ ಎಂದು ಮೊದಲೇ ಹೇಳಿದ್ದರು. ಆಗಲೂ ಬೇಸರ ಹೆಚ್ಚುಕಡಿಮೆ ಅಷ್ಟೇ ಆಯಿತು. ಬುದ್ಧಿ ಲೆಕ್ಕ ಹಾಕುವ ಮುಂಚೆಯೇ ಗಂಟೆ ಬಾರಿಸುವ ವ್ಯವಸ್ಥೆ ಇದು.

ದೇಹದ ಮಟ್ಟದಲ್ಲೂ ಇದು ಸಣ್ಣ ವಿಷಯವಲ್ಲ. 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು 148 ಅಧ್ಯಯನಗಳ ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಮಾಡಿ ನೋಡಿತು. ಗಟ್ಟಿ ಸಂಬಂಧಗಳಿದ್ದವರು ಅಧ್ಯಯನದ ಅವಧಿಯಲ್ಲಿ ಬದುಕಿ ಉಳಿಯುವ ಸಾಧ್ಯತೆ, ಅವು ಇಲ್ಲದವರಿಗಿಂತ ಶೇ. 50ರಷ್ಟು ಹೆಚ್ಚು.

ಸರಿ, ಹಸಿವಿದೆ. ಹಾಗಿದ್ದರೆ ಸುಲಭವಾದ ಗುಂಪು ಸಾಕಿತ್ತಲ್ಲ?

ಗುಂಪು ಕಟ್ಟುವುದು ನಿಜಕ್ಕೂ ಸುಲಭ, ಭಯ ಹುಟ್ಟಿಸುವಷ್ಟು ಸುಲಭ. ಹೆನ್ರಿ ತಾಜ್‌ಫೆಲ್ ಎಂಬ ಮನೋವಿಜ್ಞಾನಿ ಮತ್ತು ಸಂಗಡಿಗರು ಇಂಗ್ಲೆಂಡಿನ ಬ್ರಿಸ್ಟಲ್‌ನ 14-15 ವರ್ಷದ ಶಾಲಾ ಹುಡುಗರನ್ನು ‘ಚುಕ್ಕೆಗಳ ಸಂಖ್ಯೆಯನ್ನು ಹೆಚ್ಚಾಗಿ ಅಂದಾಜಿಸಿದವರು, ಕಡಿಮೆಯಾಗಿ ಅಂದಾಜಿಸಿದವರು’ ಎಂಬಂಥ ಪೊಳ್ಳು ಕಾರಣ ಹೇಳಿ ಎರಡು ಭಾಗ ಮಾಡಿದರು. ತನ್ನ ಗುಂಪಿನಲ್ಲಿ ಯಾರಿದ್ದಾರೆಂದು ಕೂಡ ಯಾವ ಹುಡುಗನಿಗೂ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಕೊಟ್ಟಾಗ ಅವರು ತಮ್ಮ ಗುಂಪಿನವರಿಗೆ ಹೆಚ್ಚು ಕೊಟ್ಟರು. ಅಷ್ಟೇ ಅಲ್ಲ, ತಮ್ಮವರಿಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಆ ಕಡೆಯವರಿಗಿಂತ ಮೇಲಿದ್ದರೆ ಸಾಕು ಎನ್ನುವಂತೆ ಹಂಚಿದರು. ಇದು 1971ರಲ್ಲಿ ಪ್ರಕಟವಾದ ಕೆಲಸ.

ಆದರೆ ಇಲ್ಲಿ ಹುಟ್ಟಿದ್ದು ‘ನಾವು–ಅವರು’ ಎನ್ನುವ ಗೆರೆ. ಆ ಹುಡುಗರಲ್ಲಿ ಒಬ್ಬ ಮರುದಿನ ಬರದಿದ್ದರೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಒಂದು ಕಡೆಗೆ ಸೇರಿರುವುದು ಬೇರೆ, ಒಂದು ಕಡೆ ಇಲ್ಲದಿದ್ದರೆ ಅಲ್ಲಿ ಕೊರತೆ ಕಾಣುವುದು ಬೇರೆ. ಮೊದಲನೆಯದು ಪುಕ್ಕಟೆಯಾಗಿ ಸಿಗುತ್ತದೆ, ಹಾಗಾಗಿಯೇ ಅದರಿಂದ ಹೊಟ್ಟೆ ತುಂಬುವುದಿಲ್ಲ. ಕನ್ನಡದಲ್ಲಿ ‘ಹಂಗು’ ಎನ್ನುವುದನ್ನು ನಾವು ಹೆಚ್ಚಾಗಿ ಬೇಡದ ವಸ್ತುವಾಗಿಯೇ ಕಾಣುತ್ತೇವೆ. ಯಾರ ಹಂಗೂ ಇಲ್ಲದೆ ಬದುಕಬೇಕು ಎನ್ನುವುದು ದೊಡ್ಡ ಮಾತು. ಆದರೆ ಯಾರ ಹಂಗೂ ಇಲ್ಲದ, ಯಾರೂ ತಮ್ಮ ಹಂಗಿನಲ್ಲಿಲ್ಲದ ಬದುಕು ಸಿಕ್ಕವರು ಆರು ತಿಂಗಳೊಳಗೆ ಯಾವುದಾದರೂ ಕಟ್ಟಳೆಯ ಬಾಗಿಲು ತಟ್ಟುವುದನ್ನು ನೋಡುತ್ತಲೇ ಇರುತ್ತೇವೆ. ನಿವೃತ್ತರು, ವಿಚ್ಛೇದಿತರು, ಓದು ಮುಗಿಸಿ ಬೇರೆ ಊರಿಗೆ ಹೋದ ಹುಡುಗರು.

ಈಗ ಬೆಲೆಯ ಲೆಕ್ಕಕ್ಕೆ ಬರೋಣ. ಇದರಲ್ಲಿ ಹೆಚ್ಚು ಬೆಳಕು ಚೆಲ್ಲಿದವರು ಲಾರೆನ್ಸ್ ಇಯನಕೋನ್ ಎಂಬ ಅರ್ಥಶಾಸ್ತ್ರಜ್ಞ, 1992 ಮತ್ತು 1994ರ ಎರಡು ಲೇಖನಗಳಲ್ಲಿ. ಅವರ ವಾದವನ್ನು ಆ ವೃಂದಗಾನಕ್ಕೇ ಹಚ್ಚಿ ಹೇಳುತ್ತೇನೆ.

ವೃಂದಗಾನದ ಸುಖ ಒಬ್ಬರು ಹಾಡಿದರೆ ಸಿಗುವುದಲ್ಲ, ಪಕ್ಕದವರು ಎಷ್ಟು ಮನಸ್ಸಿಟ್ಟು ಹಾಡುತ್ತಾರೆ ಎನ್ನುವುದರ ಮೇಲೆ ನಿಂತಿದೆ. ಇಪ್ಪತ್ತು ಜನರಲ್ಲಿ ಎಂಟು ಜನ ಮನೆಯಲ್ಲಿ ಅಭ್ಯಾಸ ಮಾಡಿ ಬರುತ್ತಾರೆ, ಹನ್ನೆರಡು ಜನ ಹಾಗೇ ಬಂದು ದನಿಗೂಡಿಸುತ್ತಾರೆ ಎನ್ನಿ. ಆ ಹನ್ನೆರಡು ಜನ ಕೆಟ್ಟವರೇನಲ್ಲ, ಎಂಟು ಜನರ ದುಡಿಮೆಯ ಮೇಲೆ ಪುಕ್ಕಟೆ ಸವಾರಿ ಮಾಡುತ್ತಿದ್ದಾರೆ ಅಷ್ಟೆ. ಕೆಲವು ವಾರದಲ್ಲಿ ಎಂಟರಲ್ಲಿ ಮೂವರಿಗೆ ‘ನಾನೊಬ್ಬನೇ ಯಾಕೆ ಒದ್ದಾಡಲಿ’ ಎನ್ನಿಸುತ್ತದೆ. ಅವರು ಕೈಬಿಟ್ಟ ಕೂಡಲೇ ಗಾಯನದ ಮಟ್ಟ ಇಳಿಯುತ್ತದೆ, ಉಳಿದ ಐವರಿಗೆ ಬರುವ ಕಾರಣ ಇನ್ನೂ ಕಡಿಮೆಯಾಗುತ್ತದೆ. ಮುಳುಗುವ ಹಡಗಿನಿಂದ ಮೊದಲು ಇಳಿಯುವವರು ಈಜು ಬಲ್ಲವರೇ. ಅರೆಮನಸ್ಸಿನವರು ಕೊನೆಯವರೆಗೂ ಇರುತ್ತಾರೆ, ಯಾಕೆಂದರೆ ಅವರಿಗೆ ಹೋಗುವುದು ಏನೂ ಇಲ್ಲ.

ಹೀಗಾಗುವ ಮೊದಲೇ ತಂಡ ಒಂದು ಕಟ್ಟುನಿಟ್ಟು ತರುತ್ತದೆ ಎನ್ನಿ: ವಾರಕ್ಕೆ ಮೂರು ದಿನ, ತಪ್ಪಿಸುವಂತಿಲ್ಲ. ಹನ್ನೆರಡರಲ್ಲಿ ಒಂಬತ್ತು ಜನ ಬಿಟ್ಟುಹೋಗುತ್ತಾರೆ. ಉಳಿದ ಹನ್ನೊಂದು ಜನರಿಗೆ ಈಗ ಪ್ರತಿ ಅಭ್ಯಾಸವೂ ಮೊದಲಿಗಿಂತ ಸೊಗಸು. ನಿಯಮ ಎರಡು ಕೆಲಸ ಮಾಡಿತು: ಅರೆಮನಸ್ಸಿನವರನ್ನು ಬಾಗಿಲಲ್ಲೇ ಸೋಸಿತು, ಒಳಗಿದ್ದವರ ಬೇರೆ ದಾರಿಗಳನ್ನು ಕಡಿಮೆ ಮಾಡಿ ಅವರ ಹೊತ್ತನ್ನು ಇತ್ತ ತಿರುಗಿಸಿತು. ವಿಚಿತ್ರ ಉಡುಪು, ಉಪವಾಸ, ತಲೆ ಬೋಳಿಸುವುದು ಇವಕ್ಕೂ ಇದೇ ವಿವರಣೆ ಹೊಂದುತ್ತದೆ. ಹೊರಗಿನವರ ಕಣ್ಣಿಗೆ ಅರ್ಥವಿಲ್ಲದ್ದೆನಿಸಿದರೂ ಅವು ಜರಡಿಯ ಕೆಲಸ ಮಾಡುತ್ತವೆ.

ಇದಕ್ಕೊಂದು ಮಿತಿಯೂ ಇದೆ. ರಿಚರ್ಡ್ ಸೋಸಿಸ್ ಮತ್ತು ಎರಿಕ್ ಬ್ರೆಸ್ಲರ್ ಎಂಬ ಸಂಶೋಧಕರು 2003ರಲ್ಲಿ ಹತ್ತೊಂಬತ್ತನೆಯ ಶತಮಾನದ ಅಮೆರಿಕದ 83 ಸಾಮೂಹಿಕ ವಸತಿಗಳ ದಾಖಲೆ ಪರಿಶೀಲಿಸಿದರು. ಎಲ್ಲರೂ ಆಸ್ತಿ, ಊಟ, ದುಡಿಮೆ ಹಂಚಿಕೊಂಡು ಬದುಕುವ ಪಂಗಡಗಳವು; ಕೆಲವು ಧಾರ್ಮಿಕ, ಕೆಲವು ಲೌಕಿಕ. ಧಾರ್ಮಿಕ ವಸತಿಗಳಲ್ಲಿ ಕಟ್ಟಳೆ ಹೆಚ್ಚಿದ್ದಷ್ಟೂ ಆಯುಸ್ಸು ಹೆಚ್ಚು. ಲೌಕಿಕ ವಸತಿಗಳಲ್ಲಿ ಅಂಥ ಸಂಬಂಧವೇ ಕಾಣಲಿಲ್ಲ. ಸೋಸಿಸ್ ಕೊಡುವ ಕಾರಣ ಇದು: ದೈವದ ಹೆಸರಿನ ಕಟ್ಟಳೆಯನ್ನು ಯಾರೂ ಲಾಭ-ನಷ್ಟದ ತಕ್ಕಡಿಗೆ ಹಾಕುವುದಿಲ್ಲ. ಸಮಿತಿ ಮಾಡಿದ ನಿಯಮಕ್ಕಾದರೆ ಪ್ರತಿ ಸಭೆಯಲ್ಲೂ ಯಾರಾದರೂ ‘ಇದು ಯಾಕೆ ಬೇಕು’ ಎಂದು ಕೇಳುತ್ತಾರೆ, ಕೇಳಲೂಬೇಕು. ಹಾಗಾಗಿ ಲೌಕಿಕ ಕೂಟಗಳಲ್ಲಿ ನಿಯಮಕ್ಕೆ ಕಣ್ಣಿಗೆ ಕಾಣುವ ಉಪಯೋಗ ಇರಬೇಕಾಗುತ್ತದೆ. ಬೆಟ್ಟ ಹತ್ತುವವರ ಸಂಘ ಹಗ್ಗದ ಗಂಟನ್ನು ಕಣ್ಣು ಮುಚ್ಚಿ ಹಾಕಿ ತೋರಿಸಬೇಕು ಎಂದರೆ ಯಾರೂ ಗೊಣಗುವುದಿಲ್ಲ. ಅದೇ ಸಂಘ ಹೊಸಬರು ಹಳಬರ ಚೀಲ ಹೊರಬೇಕು ಎಂದರೆ ಎರಡು ವರ್ಷದಲ್ಲಿ ಹೊಸಬರೇ ಬರುವುದಿಲ್ಲ.

ಇಲ್ಲಿ ರ್‍ಯಾಗಿಂಗ್ ಪ್ರಸ್ತಾಪಿಸದೆ ಮುಂದೆ ಹೋಗುವಂತಿಲ್ಲ. ರ್‍ಯಾಗಿಂಗ್ ಸಮರ್ಥಿಸುವವರು ಓದಿರಲಿ ಬಿಡಲಿ, ಅವರ ವಾದದ ಬೆನ್ನಿಗೆ ಸಾಮಾನ್ಯವಾಗಿ ಇರುವುದು 1959ರ ಒಂದು ಪ್ರಯೋಗ. ಎಲಿಯಟ್ ಆರಾನ್ಸನ್ ಮತ್ತು ಜಡ್ಸನ್ ಮಿಲ್ಸ್ ಎಂಬಿಬ್ಬರು 63 ವಿದ್ಯಾರ್ಥಿನಿಯರನ್ನು ಲೈಂಗಿಕ ಮನೋವಿಜ್ಞಾನದ ಚರ್ಚಾಕೂಟಕ್ಕೆ ಕರೆದರು. ಕೆಲವರಿಗೆ ಸೇರುವ ಮೊದಲು ಪರೀಕ್ಷೆ: ಹನ್ನೆರಡು ಅಶ್ಲೀಲ ಪದಗಳನ್ನೂ ಎರಡು ಹಸಿಹಸಿ ವರ್ಣನೆಗಳನ್ನೂ ಗಂಡಸು ಪ್ರಯೋಗಕಾರನ ಮುಂದೆ ಗಟ್ಟಿಯಾಗಿ ಓದಬೇಕು. ಆ ಕಾಲಕ್ಕೆ ಮುಖ ಕೆಂಪಾಗುವ ಕೆಲಸ. ಕೆಲವರಿಗೆ ಸೌಮ್ಯ ಪದಗಳು, ಕೆಲವರಿಗೆ ಏನೂ ಇಲ್ಲ. ಆಮೇಲೆ ಎಲ್ಲರಿಗೂ ಕೂಟದ ಚರ್ಚೆಯ ಧ್ವನಿಮುದ್ರಣ ಕೇಳಿಸಿದರು. ಬೇಕೆಂದೇ ನೀರಸವಾಗಿ ಮಾಡಿಸಿದ್ದ ಚರ್ಚೆ ಅದು: ಕೆಳವರ್ಗದ ಪ್ರಾಣಿಗಳ ಲೈಂಗಿಕ ವರ್ತನೆಯ ಬಗ್ಗೆ ತಡವರಿಸಿ, ಒಣ ದನಿಯಲ್ಲಿ, ವಾಕ್ಯ ಮುಗಿಸದೆ ಆಡಿದ ಮಾತು. ಕಠಿಣ ಪರೀಕ್ಷೆ ದಾಟಿದವರು ಅದನ್ನೇ ಹೆಚ್ಚು ಮೆಚ್ಚಿದರು. ಉಳಿದೆರಡು ಗುಂಪಿನವರಿಗೆ ಬೇಜಾರಾಗಿದ್ದು ಬೇಜಾರೇ.

ಇದರಿಂದ ಏನು ತಿಳಿಯಿತು? ಇಷ್ಟು ನಾಚಿಕೆ ಸಹಿಸಿ ಬಂದಿದ್ದೇನೆ, ಬಂದ ಜಾಗ ಚೆನ್ನಾಗಿಯೇ ಇರಬೇಕು ಎಂದು ಮನಸ್ಸು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತದೆ. ಏನು ತಿಳಿಯಲಿಲ್ಲ? ಆ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನಂಬಿದರೆಂದಾಗಲಿ, ಒಬ್ಬರಿಗೊಬ್ಬರು ಆದರೆಂದಾಗಲಿ ಅಲ್ಲಿ ಏನೂ ಸಿದ್ಧವಾಗಿಲ್ಲ. ಅವರು ಆ ಕೂಟದ ಯಾರನ್ನೂ ಭೇಟಿಯೇ ಆಗಲಿಲ್ಲ, ಕೇಳಿದ್ದು ಟೇಪು. ಅವಮಾನ ಕೊಡುವುದರಿಂದ ಸಿಗುವುದು ನೀರಸ ಸಂಸ್ಥೆಯನ್ನು ಹೊಗಳುವ ಸದಸ್ಯರು. ಸಂಸ್ಥೆಗೆ ಅದು ಲಾಭವೆನಿಸಬಹುದು, ಹೊಸಬರಿಗಂತೂ ಅಲ್ಲ. ಜತೆಯಲ್ಲಿ ಪಟ್ಟ ಶ್ರಮ ಒಂದು ಬಗೆ, ಒಬ್ಬರ ಮುಂದೆ ಇನ್ನೊಬ್ಬರು ಕುಗ್ಗುವುದು ಇನ್ನೊಂದು ಬಗೆ. ಇವೆರಡನ್ನೂ ಒಂದೇ ಗೂಟಕ್ಕೆ ಕಟ್ಟಿದ್ದರಿಂದ ಆಗಿರುವ ಅನಾಹುತ ಕಡಿಮೆಯಿಲ್ಲ.

ಒಳ್ಳೆಯ ಕಠಿಣ ಬಾಗಿಲು ಹೇಗಿರುತ್ತದೆಂದು ನೋಡಬೇಕಾದರೆ ಒಂದೂವರೆ ಸಾವಿರ ವರ್ಷದ ಹಿಂದಕ್ಕೆ ಹೋಗಬೇಕು. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟ್ ತನ್ನ ಸನ್ಯಾಸಿಗಳಿಗಾಗಿ ಬರೆದಿಟ್ಟ ನಿಯಮಾವಳಿ ಇಂದಿಗೂ ಬಳಕೆಯಲ್ಲಿದೆ. ಅದರ 58ನೆಯ ಅಧ್ಯಾಯ ಹೊಸಬರ ಸೇರ್ಪಡೆಯದು. ಮೊದಲ ಸಾಲಿನಲ್ಲೇ ಸುಲಭವಾಗಿ ಒಳಗೆ ಬಿಡಬೇಡಿ ಎನ್ನುತ್ತದೆ. ಬಂದವನು ನಾಲ್ಕೈದು ದಿನ ಬಾಗಿಲು ತಟ್ಟುತ್ತಲೇ ಇರಬೇಕು. ಆಮೇಲೆ ಕೆಲವು ದಿನ ಅತಿಥಿಗೃಹ. ಆಮೇಲೆ ಹೊಸಬರ ಕೊಠಡಿ, ಮೇಲೊಬ್ಬ ಹಿರಿಯ ಸನ್ಯಾಸಿಯ ಕಣ್ಣು. ಎರಡು ತಿಂಗಳಾದ ಮೇಲೆ ಇಡೀ ನಿಯಮಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿ ಹೇಳುತ್ತಾರೆ: ನೀನು ಬದುಕಬೇಕೆಂದಿರುವ ಕಟ್ಟಳೆ ಇದು, ಆಗುತ್ತದೆಂದರೆ ಬಾ, ಆಗದಿದ್ದರೆ ಹೋಗಲು ನೀನು ಸ್ವತಂತ್ರ. ಆರು ತಿಂಗಳು ಕಳೆದು ಮತ್ತೆ ಓದುತ್ತಾರೆ. ಇನ್ನೂ ನಾಲ್ಕು ತಿಂಗಳು ಕಳೆದು ಮೂರನೆಯ ಸಲ. ಒಟ್ಟು ಒಂದು ವರ್ಷ, ಮೂರು ಓದು, ಮೂರು ಸಲ ತೆರೆದಿಟ್ಟ ಬಾಗಿಲು.

ಆಮೇಲೆ ಪ್ರತಿಜ್ಞೆ. ಅವನು ಅರ್ಜಿಯನ್ನು ತನ್ನ ಕೈಯಾರೆ ಬರೆದು ಪೂಜಾವೇದಿಕೆಯ ಮೇಲಿಡಬೇಕು. ಆಸ್ತಿಯೇನಿದ್ದರೂ ಬಡವರಿಗೋ ಮಠಕ್ಕೋ ಬಿಡಬೇಕು. ಅಲ್ಲೇ ಅವನ ಬಟ್ಟೆ ಕಳಚಿ ಮಠದ ಬಟ್ಟೆ ತೊಡಿಸುತ್ತಾರೆ. ಕಳಚಿದ ಬಟ್ಟೆಯನ್ನು ಎಸೆಯುವಂತಿಲ್ಲ, ಉಡುಪಿನ ಕೋಣೆಯಲ್ಲಿ ಕಾದಿಡಬೇಕು. ಮುಂದೆ ಎಂದಾದರೂ ಅವನು ಬಿಟ್ಟುಹೋಗುವ ಮನಸ್ಸು ಮಾಡಿದರೆ ಮಠದ ಬಟ್ಟೆ ಬಿಚ್ಚಿಸಿಕೊಂಡು ಅವನದನ್ನು ಅವನಿಗೆ ಕೊಡಬೇಕು. ಅರ್ಜಿಯನ್ನು ಮಾತ್ರ ಹಿಂದಿರುಗಿಸುವಂತಿಲ್ಲ, ಅದು ಮಠದಲ್ಲೇ ಉಳಿಯುತ್ತದೆ.

ಈ ಎರಡು ವಸ್ತುಗಳ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಿಟ್ಟುಹೋಗುವವನನ್ನು ಆ ನಿಯಮ ಹೊಗಳುವುದಿಲ್ಲ, ಸೈತಾನನ ಮಾತು ಕೇಳಿದವನು ಎಂದೇ ಕರೆಯುತ್ತದೆ. ಆದರೂ ಅವನು ಹೋಗಬಹುದು ಎನ್ನುವುದನ್ನು ಅವನು ಸೇರುವ ದಿನವೇ ಲೆಕ್ಕಕ್ಕೆ ತೆಗೆದುಕೊಂಡು ಕಪಾಟಿನಲ್ಲಿ ಜಾಗ ಮಾಡಿದೆ. ಜತೆಗೆ, ಹೋದರೂ ಇಲ್ಲಿದ್ದುದನ್ನು ಅಳಿಸಲಾಗದು ಎಂದೂ ಹೇಳಿದೆ. ಕಠಿಣ ಸಂಸ್ಥೆಯೊಂದನ್ನು ಅಳೆಯಲು ಇದಕ್ಕಿಂತ ಚೆನ್ನಾದ ಅಳತೆಗೋಲು ಸಿಗುವುದು ಕಷ್ಟ: ನಿಮ್ಮ ಬಟ್ಟೆ ಎಲ್ಲಿಟ್ಟಿದ್ದಾರೆ? ನಿಮ್ಮ ಪಾಸ್‌ಪೋರ್ಟ್, ಬ್ಯಾಂಕ್ ಖಾತೆ, ಅಂಕಪಟ್ಟಿ, ಹಳೆಯ ಗೆಳೆಯರ ನಂಬರು ಯಾರ ಕೈಯಲ್ಲಿವೆ? 1978ರ ನವೆಂಬರ್ 18ರಂದು, ಜಿಮ್ ಜೋನ್ಸ್ ಎಂಬ ಪಂಥಗುರುವಿನ ವಸತಿಯಾಗಿದ್ದ ದಕ್ಷಿಣ ಅಮೆರಿಕದ ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಗೆ ಬಂದವರ ಪಾಸ್‌ಪೋರ್ಟ್‌ಗಳನ್ನು ಮೊದಲೇ ಕಿತ್ತಿಟ್ಟುಕೊಂಡಿದ್ದರು.

ಬೌದ್ಧ ಭಿಕ್ಷು ಸಂಘದ ವ್ಯವಸ್ಥೆ ಇನ್ನೂ ಸರಳ. ವಿನಯ ಎಂಬ ಪಾಲಿ ನಿಯಮಗ್ರಂಥದ ಪ್ರಕಾರ ಭಿಕ್ಷುವಿಗೆ 227 ನಿಯಮ, ಹದಿನೈದು ದಿನಕ್ಕೊಮ್ಮೆ ಎಲ್ಲರೂ ಸೇರಿದ ಸಭೆಯಲ್ಲಿ ಅವನ್ನು ಪಠಿಸಬೇಕು. ಬಿಡಬೇಕೆಂದರೆ ಅರ್ಥವಾಗುವ ಒಬ್ಬ ಮನುಷ್ಯನ ಮುಂದೆ, ಸ್ವಸ್ಥ ಮನಸ್ಸಿನಿಂದ, ‘ಶಿಕ್ಷೆಯನ್ನು ಬಿಟ್ಟಿದ್ದೇನೆ’ ಎಂದರೆ ಸಾಕು. ಶಿಕ್ಷೆ ಎಂದರೆ ಇಲ್ಲಿ ಅಭ್ಯಾಸದ ಕ್ರಮ. ಮಹಾಪರಾಧ ಮಾಡಿರದಿದ್ದರೆ ಮತ್ತೆ ಬಂದು ಸೇರಲೂಬಹುದು. ಒಳಗೆ ಅಷ್ಟು ಬಿಗಿ, ಹೊರ ಬಾಗಿಲಿಗೆ ಅಗುಳಿಯೂ ಇಲ್ಲ.

ಮೋಸದ ಸಂಸ್ಥೆಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ. ಮೊದಲ ದಿನವೇ ಅಪ್ಪುಗೆ, ಹೊಗಳಿಕೆ, ‘ನಿಮ್ಮಂಥವರಿಗಾಗಿಯೇ ಕಾಯುತ್ತಿದ್ದೆವು’. ನಿಯಮಾವಳಿ ಯಾರೂ ಓದಿ ಹೇಳುವುದಿಲ್ಲ. ಬೇಡಿಕೆಗಳು ಸಣ್ಣದಾಗಿ ಶುರುವಾಗುತ್ತವೆ: ಒಂದು ಸಂಜೆ, ಒಂದು ವಾರಾಂತ್ಯ, ಒಂದು ಸಾಲದ ಸಹಿ. ಪ್ರತಿ ಮೆಟ್ಟಿಲೂ ಹಿಂದಿನದಕ್ಕಿಂತ ಸ್ವಲ್ಪ ಎತ್ತರ, ಮೆಟ್ಟಿಲು ಎಷ್ಟಿವೆ ಎಂದು ಮಾತ್ರ ಗೊತ್ತಿಲ್ಲ. ಬೆಲೆ ಹೆಚ್ಚಿರುವುದಕ್ಕಿಂತ ಬೆಲೆಪಟ್ಟಿ ಇಲ್ಲದಿರುವುದು ಅಪಾಯದ ಗುರುತು.

ಹಾಗೆಂದು ಇಂಥ ಕಡೆ ಹೋದವರೆಲ್ಲ ಮಂಕುಬೂದಿ ಎರಚಿಸಿಕೊಂಡವರು ಎಂದುಕೊಳ್ಳುವುದೂ ತಪ್ಪು. ಐಲೀನ್ ಬಾರ್ಕರ್ ಎಂಬ ಸಮಾಜಶಾಸ್ತ್ರಜ್ಞೆ ಬ್ರಿಟನ್ನಿನಲ್ಲಿ ಯೂನಿಫಿಕೇಶನ್ ಚರ್ಚ್ ಎಂಬ ಪಂಥವನ್ನು ವರ್ಷಗಟ್ಟಲೆ ಹತ್ತಿರದಿಂದ ಅಭ್ಯಸಿಸಿ 1984ರಲ್ಲಿ ಬರೆದರು. ಅದರ ಶಿಬಿರಗಳಿಗೆ ಹೋದವರಲ್ಲಿ ಬಹುಪಾಲು ಜನ ಸೇರಲೇ ಇಲ್ಲ, ಸೇರಿದವರಲ್ಲೂ ಹೆಚ್ಚಿನವರು ಕೆಲವೇ ವರ್ಷದಲ್ಲಿ ತಾವಾಗಿ ಹೊರಬಂದರು. ಮಾಯಾಮಂತ್ರ ಇಷ್ಟು ಕಳಪೆಯಾಗಿರುವುದಿಲ್ಲ. ಸೇರುವ ದಾರಿ ಸಾಮಾನ್ಯವಾಗಿ ಸಿದ್ಧಾಂತದಿಂದ ಶುರುವಾಗುವುದೂ ಇಲ್ಲ. ಯಾರೋ ಪರಿಚಿತರು ಅಲ್ಲಿರುತ್ತಾರೆ, ಇವರ ಬದುಕಿನಲ್ಲಿ ಆಗಷ್ಟೇ ಒಂದು ಕೊಂಡಿ ಕಳಚಿರುತ್ತದೆ, ಸಂಜೆ ಖಾಲಿಯಿರುತ್ತದೆ. ನಂಬಿಕೆ ಆಮೇಲೆ ಬಂದು ಸೇರುತ್ತದೆ.

ಖಾಲಿ ಸಂಜೆಯ ಮಾತು ಬಂತಲ್ಲ, ಕಠಿಣ ಸಂಸ್ಥೆಗಳ ನಿಜವಾದ ಬಂಡವಾಳ ಇರುವುದು ಹೊತ್ತಿನಲ್ಲಿ. ಜೆಫ್ರಿ ಹಾಲ್ ಎಂಬವರು 2018ರಲ್ಲಿ ಹಾಕಿದ ಅಂದಾಜಿನ ಪ್ರಕಾರ ಬರೀ ಪರಿಚಯ ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆ ಜತೆಗಿರಬೇಕು, ಸ್ನೇಹ ಎನ್ನಿಸಿಕೊಳ್ಳಲು 90, ಆಪ್ತರಾಗಲು 200ಕ್ಕೂ ಹೆಚ್ಚು. ಕಚೇರಿಯಲ್ಲಿ ಅಕ್ಕಪಕ್ಕ ಕೂತ ಗಂಟೆಗಳಿಗೆ ಇಲ್ಲಿ ಅಷ್ಟು ಬೆಲೆಯಿಲ್ಲ. ಹರಟೆ, ಊಟ, ಆಟದ ಗಂಟೆಗಳಿಗೆ ಇದೆ. ವಾರಕ್ಕೆ ಎರಡು ಗಂಟೆ ಸೇರುವ ಸಂಘದಲ್ಲಿ 200 ಗಂಟೆ ತುಂಬಲು 100 ವಾರ, ಅಂದರೆ ಎರಡು ವರ್ಷ ಬೇಕು. ಬ್ಯಾರಕ್ಕಿನಲ್ಲೋ ಮಠದಲ್ಲೋ ಹಾಸ್ಟೆಲಿನಲ್ಲೋ ಕೆಲಸದಾಚೆಗೆ ದಿನಕ್ಕೆ ಐದು ಗಂಟೆ, ಬಟ್ಟೆ ಒಗೆಯುತ್ತ, ಸಾಲಿನಲ್ಲಿ ಊಟಕ್ಕೆ ಕಾಯುತ್ತ, ದೀಪ ಆರಿಸಿದ ಮೇಲೆ ಪಿಸುಗುಡುತ್ತ ಕಳೆದರೆ ನಲವತ್ತು ದಿನದಲ್ಲಿ ಆಯಿತು. ‘ಅಲ್ಲಿ ಸಿಕ್ಕ ಗೆಳೆಯರು ಮತ್ತೆಲ್ಲೂ ಸಿಗಲಿಲ್ಲ’ ಎನ್ನುವ ಮಾತಿನ ಹಿಂದೆ ಬಹುಮಟ್ಟಿಗೆ ಈ ಸರಳ ಗುಣಾಕಾರವಿದೆ.

ಇದಕ್ಕೆ ದೇಹವೂ ಕೈಜೋಡಿಸುತ್ತದೆ. 2009ರ ಒಂದು ಪ್ರಯೋಗದಲ್ಲಿ ಮೂವರು ಮೂವರನ್ನು ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆಸಿದರು, ಬೇರೆ ಕೆಲವರನ್ನು ಅವರ ಪಾಡಿಗೆ ನಡೆಸಿದರು. ಆಮೇಲೆ ಆಡಿಸಿದ ದುಡ್ಡಿನ ಆಟದಲ್ಲಿ ಹೆಜ್ಜೆ ಕೂಡಿಸಿದವರು ಒಬ್ಬರನ್ನೊಬ್ಬರು ಹೆಚ್ಚು ನೆಚ್ಚಿಕೊಂಡರು. ಆಕ್ಸ್‌ಫರ್ಡ್‌ನ ದೋಣಿ ಹುಟ್ಟುಗಾರರ ಮೇಲೆ ನಡೆಸಿದ ಇನ್ನೊಂದರಲ್ಲಿ 45 ನಿಮಿಷ ಒಬ್ಬೊಬ್ಬರೇ ಯಂತ್ರದ ಮೇಲೆ ಹುಟ್ಟು ಹಾಕಿದಾಗಿನದಕ್ಕಿಂತ ಒಟ್ಟಿಗೆ ಒಂದೇ ಲಯದಲ್ಲಿ ಹಾಕಿದಾಗ ನೋವು ತಾಳುವ ಶಕ್ತಿ ಹೆಚ್ಚು ಏರಿತು. ದುಡಿಮೆ ಎರಡೂ ಕಡೆ ಒಂದೇ. ಕವಾಯತಿನಿಂದ ಯುದ್ಧಕ್ಕೆ ಇಂದು ನೇರ ಉಪಯೋಗವಿಲ್ಲ, ಸಾಲಾಗಿ ನಡೆದು ಯಾರೂ ಗುಂಡಿಗೆ ಎದೆಯೊಡ್ಡುವುದಿಲ್ಲ. ಆದರೂ ಯಾವ ಸೈನ್ಯವೂ ಅದನ್ನು ಕೈಬಿಟ್ಟಿಲ್ಲ.

ಕೆಡುವುದು ಹೇಗೆ ಎಂಬುದಕ್ಕೆ ಎರಡು ಹೆಸರು ಸಾಕು. ಅರ್ವಿಂಗ್ ಗಾಫ್‌ಮನ್ ಎಂಬ ಸಮಾಜಶಾಸ್ತ್ರಜ್ಞ 1961ರಲ್ಲಿ ‘ಸಮಗ್ರ ಸಂಸ್ಥೆ’ಯನ್ನು ವಿವರಿಸಿದರು: ಮಲಗುವುದು, ದುಡಿಯುವುದು, ಆಡುವುದು ಮೂರೂ ಒಂದೇ ಗೋಡೆಯೊಳಗೆ, ಒಂದೇ ಅಧಿಕಾರದ ಕೆಳಗೆ. ಇನ್ನೊಬ್ಬ ಸಮಾಜಶಾಸ್ತ್ರಜ್ಞ ಲೂಯಿಸ್ ಕೋಸರ್ 1974ರಲ್ಲಿ ‘ಹಪಾಹಪಿಯ ಸಂಸ್ಥೆ’ಗಳ ಬಗ್ಗೆ ಬರೆದರು. ಇವಕ್ಕೆ ಗೋಡೆ ಬೇಕಾಗಿಲ್ಲ, ಮನುಷ್ಯನ ನಿಷ್ಠೆ ಪೂರ್ತಿ ತಮಗೇ ಬೇಕು ಎನ್ನುತ್ತವೆ. ಎರಡನೆಯದೇ ಹೆಚ್ಚು ಕಣ್ಣಿಗೆ ಬೀಳದ್ದು. ರಾತ್ರಿ ಹತ್ತರವರೆಗೆ ಕೂರಿಸಿಕೊಂಡು ‘ನಾವೆಲ್ಲ ಒಂದೇ ಕುಟುಂಬ’ ಎನ್ನುವ ಕಂಪನಿಯೂ ಈ ಪಟ್ಟಿಗೆ ಬರುತ್ತದೆ. ಕುಟುಂಬದಲ್ಲಿ ಖರ್ಚು ಕಡಿಮೆ ಮಾಡಲು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ.

ಒಳಗಿದ್ದು ನೋಡುವವರಿಗೆ ಕೆಡುಕಿನ ಮೊದಲ ಸೂಚನೆ ಸಾಮಾನ್ಯವಾಗಿ ಮೇಲಿನಿಂದ ಬರುತ್ತದೆ. ಉಪವಾಸ ಎಲ್ಲರಿಗೂ, ಗುರುವಿಗೆ ಬೇರೆ ಅಡಿಗೆ. ಆಸ್ತಿ ಬಿಡಬೇಕು, ಮುಖ್ಯಸ್ಥರ ಹೆಸರಿನಲ್ಲಿ ಕಾರು. ಮಾತಿಗಿಂತ ತಾನು ತೆತ್ತ ಬೆಲೆಯಿಂದಲೇ ಮುಂದಾಳು ನಂಬಿಕೆ ಹುಟ್ಟಿಸುತ್ತಾನೆ. ಅವನೇ ಅದರಿಂದ ವಿನಾಯಿತಿ ಪಡೆದ ದಿನದಿಂದ ಕಟ್ಟಳೆ ಜರಡಿಯಾಗಿ ಉಳಿಯದೆ ಸುಲಿಗೆಯಾಗುತ್ತದೆ. ಎರಡನೆಯ ಸೂಚನೆ, ಬಿಟ್ಟುಹೋದವರ ಹೆಸರು ಹೇಳುವಂತಿಲ್ಲ ಎನ್ನುವುದು. ಮೂರನೆಯದು, ಗೈರುಹಾಜರಾದವರನ್ನು ‘ಹುಷಾರಿದ್ದೀಯಾ’ ಎಂದು ಕೇಳುವ ಬದಲು ‘ಎಲ್ಲಿಗೆ ಹೋಗಿದ್ದೆ’ ಎಂದು ಕೇಳುವುದು. ಎರಡರಲ್ಲೂ ನೀವಿಲ್ಲದ್ದು ಗೊತ್ತಾಗಿದೆ. ಯಾಕೆ ಗೊತ್ತಾಗಬೇಕಿತ್ತು ಎನ್ನುವುದಷ್ಟೇ ಬೇರೆ.

ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಪ್ರಶ್ನೆ: ನಾವೊಂದು ಸಣ್ಣ ಓದುಗರ ಬಳಗ ನಡೆಸುತ್ತೇವೆ. ಜನ ನಿಲ್ಲುತ್ತಿಲ್ಲ. ನಿಯಮ ಬಿಗಿ ಮಾಡಬೇಕೇ?

ನಿಯಮಕ್ಕಿಂತ ಮೊದಲು ಕೆಲಸ ಹಂಚಿ. ಅನಾಮಿಕ ಮದ್ಯವ್ಯಸನಿಗಳ ಕೂಟಗಳು 1935ರಿಂದ ನಡೆಯುತ್ತಿವೆ, ಬಾಗಿಲಲ್ಲಿ ಯಾವ ಪರೀಕ್ಷೆಯೂ ಇಲ್ಲ. ಕುಡಿತ ಬಿಡುವ ಆಸೆಯಿದ್ದರೆ ಸಾಕು. ಆದರೆ ಹೊಸಬರ ಕೈಗೆ ಬೇಗನೆ ಒಂದು ಸಣ್ಣ ಕೆಲಸ ಬರುತ್ತದೆ: ಕುರ್ಚಿ ಜೋಡಿಸುವುದು, ಕಾಫಿ ಮಾಡುವುದು. ಕುರ್ಚಿ ಜೋಡಿಸುವವರು ಬರದಿದ್ದರೆ ಎಲ್ಲರೂ ನಿಂತೇ ಇರಬೇಕಾಗುತ್ತದೆ. ಮೂರನೆಯ ಭೇಟಿಯೊಳಗೆ ಪ್ರತಿ ಹೊಸಬರಿಗೂ ಅವರೇ ಮಾಡಬೇಕಾದ, ಅವರು ಮಾಡದಿದ್ದರೆ ಆಗದ ಕೆಲಸವೊಂದನ್ನು ಕೊಡಿ. ತೋರಿಕೆಯ ಕೆಲಸ ಬೇಡ, ಜನಕ್ಕೆ ತಕ್ಷಣ ಗೊತ್ತಾಗುತ್ತದೆ. ಜನ ಹದಿನೈದು ದಾಟಿದರೆ ಎರಡು ಭಾಗ ಮಾಡಿ, ಅದಕ್ಕಿಂತ ಹೆಚ್ಚಾದರೆ ಯಾರಿಲ್ಲ ಎನ್ನುವುದು ಹಾಜರಿ ಪುಸ್ತಕ ನೋಡದೆ ತಿಳಿಯುವುದಿಲ್ಲ. ಬರದವರಿಗೆ ಮಾರನೆಯ ದಿನವೇ ಒಬ್ಬರು, ಒಬ್ಬರೇ ಫೋನ್ ಮಾಡಲಿ. ಇಷ್ಟಾದ ಮೇಲೂ ನಿಲ್ಲದಿದ್ದರೆ ಪುಸ್ತಕಗಳ ಆಯ್ಕೆ ಬದಲಿಸಿ ನೋಡಿ.

ಪ್ರಶ್ನೆ: ಹೊರಗೆ ಬಂದವರು ಮತ್ತೆ ಅಲ್ಲಿಗೇ ಯಾಕೆ ಹೋಗುತ್ತಾರೆ?

ಬಿಟ್ಟದ್ದು ನಂಬಿಕೆಯನ್ನು ಮಾತ್ರ ಎಂದುಕೊಂಡು ಹೊರಬರುತ್ತಾರೆ. ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ, ವೇಳಾಪಟ್ಟಿ, ಊಟದ ಜತೆಗಾರರು, ಮಾತಿನ ಶೈಲಿ, ಏಳುವ ಗಂಟೆ ಎಲ್ಲ ಒಂದೇ ದಿನ ಹೋಯಿತು ಎಂದು. ಹೆಲೆನ್ ಈಬಾ ಎಂಬ ಸಮಾಜಶಾಸ್ತ್ರಜ್ಞೆ 185 ಜನ ‘ಮಾಜಿ’ಗಳನ್ನು ಮಾತಾಡಿಸಿ 1988ರಲ್ಲಿ ಬರೆದರು, ಅವರು ಸ್ವತಃ ಮಾಜಿ ಸನ್ಯಾಸಿನಿ. ಮೊದಲು ಸಂಶಯ, ಆಮೇಲೆ ಬೇರೆ ದಾರಿಗಳ ಹುಡುಕಾಟ, ಆಮೇಲೆ ತಿರುವು, ಕೊನೆಗೆ ‘ಮಾಜಿ’ ಎನ್ನುವ ಗುರುತನ್ನು ಕಟ್ಟಿಕೊಳ್ಳುವುದು ಎಂದು ನಾಲ್ಕು ಹಂತ ಗುರುತಿಸಿದರು. ಎರಡನೆಯ ಹಂತವನ್ನು ಹಾರಿ ಬಂದವರಿಗೆ ಕಷ್ಟ ಹೆಚ್ಚು. ಹೊರಬರುವ ಯೋಚನೆಯಿದ್ದವರು ಒಳಗಿರುವಾಗಲೇ ಹೊರಗೆ ವಾರಕ್ಕೊಂದು ನಿಗದಿತ ಭೇಟಿ ಇಟ್ಟುಕೊಳ್ಳಬೇಕು, ಅದು ಈಜು ಕ್ಲಾಸಾದರೂ ಸರಿ. ಬಂದ ಮೊದಲ ತಿಂಗಳು ಏಳುವ ಗಂಟೆ ಬದಲಿಸಬಾರದು. ಐದಕ್ಕೇ ಏಳಿ, ಎದ್ದು ಮಾಡುವುದಕ್ಕೆ ಒಂದು ಕೆಲಸ ಹಿಂದಿನ ರಾತ್ರಿಯೇ ಗೊತ್ತು ಮಾಡಿಡಿ.

ಪ್ರಶ್ನೆ: ಮಗ ಅಂಥದೊಂದು ಕಡೆ ಸೇರಿದ್ದಾನೆ. ಎಷ್ಟು ಹೇಳಿದರೂ ಕೇಳುತ್ತಿಲ್ಲ. ಏನು ಮಾಡುವುದಮ್ಮ ಹೇಳಿ.

ತಾಯಿ, ಮೊದಲು ವಾದ ನಿಲ್ಲಿಸಿ. ನೀವು ಸಿದ್ಧಾಂತದ ಮೇಲೆ ವಾದ ಮಾಡಿದಷ್ಟೂ ಅವನು ಅಲ್ಲಿ ಕಲಿತ ಉತ್ತರಗಳನ್ನು ನಿಮ್ಮ ಮೇಲೆ ಅಭ್ಯಾಸ ಮಾಡುತ್ತಾನೆ. ಬದಲಿಗೆ ಲೆಕ್ಕ ಕೇಳಿ, ಕೋಪವಿಲ್ಲದೆ: ಎಷ್ಟು ಹೊತ್ತು ನಿದ್ದೆ ಮಾಡುತ್ತೀಯ, ಯಾರ ಜತೆ ಊಟ, ರಜ ಯಾವಾಗ, ಬಿಟ್ಟುಹೋದ ಹುಡುಗರು ಈಗ ಎಲ್ಲಿದ್ದಾರೆ. ಉತ್ತರ ಕೊಡಲು ಅವನಿಗೆ ಕಷ್ಟವಾದರೆ ಒತ್ತಾಯಿಸಬೇಡಿ, ಪ್ರಶ್ನೆ ಅವನ ಜತೆ ಹೋಗುತ್ತದೆ. ಕೇಳಿದಾಗಲೆಲ್ಲ ದುಡ್ಡು ಕಳಿಸಬೇಡಿ, ಆದರೆ ಮನೆಗೆ ಬರುವ ದಾರಿ ಖರ್ಚು ಯಾವಾಗ ಬೇಕಾದರೂ ಕೊಡುತ್ತೇನೆಂದು ಒಮ್ಮೆ ಹೇಳಿಡಿ. ‘ಬಂದರೆ ಅದನ್ನು ಬಿಟ್ಟೇ ಬಾ’ ಎನ್ನಬೇಡಿ. ಆ ಮಾತಾಡಿದರೆ ಹೊರಗಿನ ಬಾಗಿಲನ್ನು ನೀವೇ ಹಾಕಿದಂತೆ, ಅವರಿಗೆ ಬೇಕಾಗಿರುವುದೂ ಅದೇ. ಅವನ ಅಂಕಪಟ್ಟಿ, ಕಾಗದಪತ್ರಗಳ ಪ್ರತಿ ಮನೆಯಲ್ಲಿವೆಯೇ ನೋಡಿಕೊಳ್ಳಿ. ಬಟ್ಟೆಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಫೋನ್ ನಂಬರ್ ಬದಲಿಸಬೇಡಿ.